ಹೆಸರಿಲ್ಲದ ಜಿಗಿಜೇಡಕ್ಕೆ ಹೆಸರು: ಕಾಡಿನ ಪೊದೆಯಿಂದ ಪ್ರಕಟಣೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಉಷ್ಣವಲಯದ ಕಾಡಿನಲ್ಲಿ ಬಿಸಿಲೇರುವ ಹೊತ್ತಿಗೆ ಒಂದಷ್ಟು ಪೊದೆ ಬಡಿದು ನೋಡಿ. ಕೆಳಗೆ ಹಿಡಿದ ಬಿಳಿ ಬಟ್ಟೆಯ ಮೇಲೆ ಇರುವೆ, ಜೀರುಂಡೆ, ಕಂಬಳಿಹುಳುಗಳ ನಡುವೆ ಮೂರು ನಾಲ್ಕು ಬಗೆಯ ಜಿಗಿಜೇಡಗಳಾದರೂ ಬೀಳುತ್ತವೆ. ಅವುಗಳಲ್ಲಿ ಒಂದಕ್ಕೆ ವಿಜ್ಞಾನದಲ್ಲಿ ಇನ್ನೂ ಹೆಸರೇ ಇಲ್ಲದಿದ್ದರೆ ಅದೇನೂ ಪವಾಡವಲ್ಲ. ಆದರೆ ಯಾವುದಕ್ಕೆ ಹೆಸರಿಲ್ಲ ಎಂದು ಅಲ್ಲೇ ನಿಂತು ಹೇಳಬಲ್ಲವರು ತೀರಾ ಕಡಿಮೆ, ಅವರೂ ಎಷ್ಟೋ ಸಲ ತಪ್ಪುತ್ತಾರೆ. ಹೊಸ ಪ್ರಭೇದ ಪತ್ತೆಯಾಗುವುದು ಮೈಕ್ರೋಸ್ಕೋಪಿನ ಮುಂದೆ, ಹಳೆಯ ಪ್ರಬಂಧಗಳ ರಾಶಿಯ ನಡುವೆ, ಕಾಡಿನಿಂದ ಮರಳಿ ಎಷ್ಟೋ ತಿಂಗಳು ಕಳೆದ ಮೇಲೆ. ಎಲ್ಲ ಬಗೆಯ ಜೀವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮಾದರಿಯೊಂದು ಸಂಗ್ರಹವಾದ ದಿನದಿಂದ ಅದಕ್ಕೆ ಹೆಸರು ಸಿಗುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಅದು ಸೀಸೆಯಲ್ಲಿ ಕಾಯುತ್ತಿರುತ್ತದೆ.

ಜಿಗಿಜೇಡಗಳ ಕುಟುಂಬದ ಹೆಸರು ಸಾಲ್ಟಿಸಿಡೇ. ಜೇಡಗಳ ಕುಟುಂಬಗಳಲ್ಲೆಲ್ಲ ಇದೇ ದೊಡ್ಡದು. ಇದುವರೆಗೆ 6,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. 2022ರ ಏಪ್ರಿಲ್‌ನಲ್ಲಿ ಜಗತ್ತಿನ ಜೇಡಗಳ ಅಂತರ್ಜಾಲ ಪಟ್ಟಿಯಾದ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್‌ನಲ್ಲಿ ದಾಖಲಾದ 50,000ನೇ ಜೇಡ ಕೂಡ ಜಿಗಿಜೇಡವೇ: ದಕ್ಷಿಣ ಅಮೆರಿಕದ ಗುರಿಯೂರಿಯಸ್ ಮಿನುವಾನೊ. ಇದನ್ನು ಓದಿ ಉತ್ಸಾಹ ಬಂದಿದ್ದರೆ ಒಳ್ಳೆಯದೇ. ಈ ಕೆಲಸದಲ್ಲಿ ಉತ್ಸಾಹ ಬೇಕಾಗುವುದು ಮೊದಲ ವಾರಕ್ಕೆ ಮಾತ್ರ, ಆಮೇಲೆ ಬೇಕಾಗುವುದು ಕೂತು ನೋಡುವ ತಾಳ್ಮೆ.

ಕಾಡಿಗೆ ಕಾಲಿಡುವ ಮೊದಲು: ಅನುಮತಿ

ಮೊದಲ ಹೆಜ್ಜೆ ಕಾಗದಪತ್ರ. ಯಾವ ದೇಶದ ಕಾಡಾದರೂ ಅಲ್ಲಿನ ಅರಣ್ಯ ಅಥವಾ ಜೀವವೈವಿಧ್ಯ ಅಧಿಕಾರಿಗಳಿಂದ ಸಂಗ್ರಹಣೆಗೆ ಲಿಖಿತ ಅನುಮತಿ ಪಡೆಯಿರಿ. ರಕ್ಷಿತ ಪ್ರದೇಶಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು, ಮಾದರಿಯನ್ನು ದೇಶದಿಂದ ಹೊರಗೆ ಕಳಿಸುವುದಾದರೆ ಮತ್ತೊಂದು. 2010ರಲ್ಲಿ ಅಂಗೀಕಾರವಾಗಿ 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ, ಆನುವಂಶಿಕ ಸಂಪತ್ತಿನ ಲಾಭವನ್ನು ಮೂಲ ದೇಶದೊಂದಿಗೆ ಹಂಚಿಕೊಳ್ಳಬೇಕೆನ್ನುವ ನಗೋಯಾ ಒಪ್ಪಂದದ ನಂತರ ಡಿಎನ್ಎ ಕೆಲಸಕ್ಕೆ ಮಾದರಿ ಸಾಗಿಸುವ ನಿಯಮಗಳು ಅನೇಕ ದೇಶಗಳಲ್ಲಿ ಬಿಗಿಯಾಗಿವೆ. ಅನುಮತಿ ಪತ್ರದ ಸಂಖ್ಯೆಯನ್ನು ಮುಂದೆ ಪ್ರಬಂಧದಲ್ಲಿ ನಮೂದಿಸಬೇಕಾಗುತ್ತದೆ. ಆ ಸಂಖ್ಯೆ ಇಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಮಾದರಿಗಳು ಪ್ರಕಟಣೆ ಕಾಣದೆ ಉಳಿದುಬಿಡಬಹುದು.

ಇದರ ಜೊತೆಗೆ ಎರಡು ವಿಷಯ ಈಗಲೇ ಗೊತ್ತುಮಾಡಿಕೊಳ್ಳಿ. ಒಂದು, ಮಾದರಿಗಳು ಕೊನೆಗೆ ಯಾವ ಸಾರ್ವಜನಿಕ ಸಂಗ್ರಹಾಲಯಕ್ಕೆ ಸೇರಲಿವೆ. ಇನ್ನೊಂದು, ಆ ಪ್ರದೇಶದ ಜೇಡಗಳ ಬಗ್ಗೆ ಈಗಾಗಲೇ ಕೆಲಸ ಮಾಡುತ್ತಿರುವವರು ಯಾರು. ಅವರಿಗೆ ಒಂದು ಪತ್ರ ಬರೆಯಿರಿ. ನೀವು ಹೊಸದೆಂದುಕೊಂಡಿರುವುದನ್ನು ಅವರು ಆಗಲೇ ಬರೆಯುತ್ತಿರಬಹುದು. ಜೊತೆಗೂಡಿ ಬರೆದರೆ ಇಬ್ಬರಿಗೂ ಲಾಭ, ಪೈಪೋಟಿಗಿಳಿದರೆ ಒಂದೇ ಜೇಡಕ್ಕೆ ಎರಡು ಹೆಸರು.

ಹುಡುಕುವುದು ಎಲ್ಲಿ, ಯಾವಾಗ

ಜಿಗಿಜೇಡಗಳು ಬಹುತೇಕ ಹಗಲಿನ ಬೇಟೆಗಾರರು. ನೇರ ನೋಟಕ್ಕೆ ಅವುಗಳನ್ನು ಗುರುತಿಸುವುದು ಸುಲಭ. ಮುಖದ ಮೇಲೆ ಮುಂದಕ್ಕೆ ನೋಡುವ ನಾಲ್ಕು ಕಣ್ಣು, ಅವುಗಳಲ್ಲಿ ನಡುವಿನ ಜೋಡಿ ವಾಹನದ ದೀಪಗಳಷ್ಟು ಎದ್ದು ಕಾಣುವಂಥವು. ಬೆಳಗಿನ ಇಬ್ಬನಿ ಆರಿ ಎಲೆಗಳ ಮೇಲೆ ಬಿಸಿಲು ಬಿದ್ದ ಮೇಲಷ್ಟೇ ಇವುಗಳ ಓಡಾಟ ಶುರು. ಮಳೆ ಸುರಿಯುವಾಗ, ರಾತ್ರಿ ವೇಳೆಯಲ್ಲಿ, ಎಲೆ ಮಡಚಿಯೋ ತೊಗಟೆಯ ಅಡಿಯಲ್ಲೋ ರೇಷ್ಮೆಯ ಪುಟ್ಟ ಗೂಡು ನೇಯ್ದುಕೊಂಡು ಒಳಗೆ ಕೂರುತ್ತವೆ. ಹಾಗಾಗಿ ಮೋಡ ಮುಸುಕಿದ ದಿನ ಓಡಾಡುವ ಜೇಡವನ್ನು ಹುಡುಕುತ್ತ ಹೊತ್ತು ಕಳೆಯುವ ಬದಲು ಆ ಬಿಳಿ ಗೂಡುಗಳನ್ನು ಹುಡುಕಿ.

ಒಂದೇ ವಿಧಾನ ನೆಚ್ಚಿಕೊಂಡರೆ ಒಂದೇ ಬಗೆಯ ಜೇಡಗಳು ಸಿಗುತ್ತವೆ. ಕಾಡಿನ ಪ್ರತಿಯೊಂದು ಪದರಕ್ಕೂ ಅದರದೇ ಒಕ್ಕಲು.

ಪೊದೆ ಮತ್ತು ತಗ್ಗಿನ ಕೊಂಬೆಗಳಿಗೆ ಬಡಿಯುವ ವಿಧಾನವೇ ಸರಿ. ಸುಮಾರು ಒಂದು ಮೀಟರ್ ಚೌಕದ ಬಿಳಿ ಬಟ್ಟೆಯನ್ನು ಅಡ್ಡಡ್ಡ ಕಟ್ಟಿದ ಎರಡು ಕೋಲಿಗೆ ಬಿಗಿದು ಕೊಂಬೆಯ ಕೆಳಗೆ ಹಿಡಿಯಿರಿ, ಇನ್ನೊಂದು ಕೋಲಿನಿಂದ ಕೊಂಬೆಗೆ ಎರಡು ಮೂರು ಗಟ್ಟಿ ಏಟು ಕೊಡಿ. ಹತ್ತು ಮೆಲ್ಲಗಿನ ಏಟಿಗಿಂತ ಎರಡು ಗಟ್ಟಿ ಏಟು ಮೇಲು, ಏಕೆಂದರೆ ಮೊದಲ ಅಲುಗಾಟಕ್ಕೇ ಜೇಡ ಎಳೆಗೆ ಅಂಟಿಕೊಂಡು ಸಾವರಿಸಿಕೊಳ್ಳುತ್ತದೆ. ಬಿದ್ದದ್ದು ಸುಮ್ಮನೆ ಕೂರುವುದಿಲ್ಲ, ಎಗರುತ್ತದೆ. ಎಡಗೈಯಲ್ಲಿ ಮುಚ್ಚಳ ತೆಗೆದ ಸೀಸೆ ಸದಾ ಸಿದ್ಧವಿರಲಿ. ಸೀಸೆಯನ್ನು ಜೇಡದ ಮುಂದೆ ಹಿಡಿದು ಹಿಂದಿನಿಂದ ಬೆರಳು ತೋರಿಸಿದರೆ ಅದೇ ಒಳಗೆ ನೆಗೆಯುತ್ತದೆ.

ನೆಲದ ತರಗೆಲೆಯನ್ನು ಯಾರೂ ಬಿಡಬೇಡಿ. ಒಂದು ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ತರಗನ್ನು ಅಲ್ಲಾಡಿಸಿ ಕೆಳಗೆ ಬಿದ್ದ ಪುಡಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ, ಐದು ನಿಮಿಷ ಸುಮ್ಮನೆ ಕೂತು ನೋಡಿ. ಮಣ್ಣಿನ ಕಣದಂತಿದ್ದದ್ದು ನಡೆಯತೊಡಗುತ್ತದೆ. ಎರಡು ಮೂರು ಮಿಲಿಮೀಟರಿನ, ಕಂದು ಬಣ್ಣದ, ಫೋಟೊಗಾರರು ತಿರುಗಿಯೂ ನೋಡದ ಈ ಜೇಡಗಳಲ್ಲೇ ಹೆಸರಿಲ್ಲದವು ಹೆಚ್ಚಿರುತ್ತವೆ ಎಂಬುದು ನನ್ನ ನಂಬಿಕೆ. ಬಣ್ಣಬಣ್ಣದ ದೊಡ್ಡ ಜೇಡಗಳನ್ನು 19ನೇ ಶತಮಾನದ ಸಂಗ್ರಾಹಕರೇ ಬಹಳಷ್ಟು ಹೆಕ್ಕಿಕೊಂಡು ಹೋಗಿದ್ದಾರೆ.

ಮರದ ಕಾಂಡಕ್ಕೆ ಕಣ್ಣೇ ಸಾಧನ. ಚಪ್ಪಟೆ ಮೈಯ ಜೇಡಗಳು ತೊಗಟೆಯ ಸೀಳುಗಳಲ್ಲಿರುತ್ತವೆ. ಅಗಲ ಎಲೆಗಳ ಕೆಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಏಷ್ಯಾದ ಒನೊಮಾಸ್ಟಸ್, ಅಮೆರಿಕ ಖಂಡದ ಲಿಸ್ಸೊಮೇನಿಸ್‌ನಂಥ ಮಸುಕು ಹಸಿರಿನ, ಬಹುತೇಕ ಪಾರದರ್ಶಕ ಜೇಡಗಳು ಅಲ್ಲಿ ಅಂಟಿಕೊಂಡಿರುತ್ತವೆ. ಇರುವೆಗಳ ಸಾಲು ಕಂಡರೆ ನಿಲ್ಲಿ. ಸಾಲಿನ ಪಕ್ಕದಲ್ಲಿ ಮುಂಗಾಲುಗಳನ್ನು ಮೀಸೆಯಂತೆ ಆಡಿಸುತ್ತ ನಡೆಯುವ ಒಂದು ‘ಇರುವೆ’ಗೆ ಎಂಟು ಕಾಲಿದ್ದರೆ ಅದು ಮಿರ್ಮಾರಾಕ್ನೆಯೋ ಅದರ ನೆಂಟನೋ ಆಗಿರುತ್ತದೆ. ಎತ್ತರದ ಮೇಲಾವರಣಕ್ಕೆ ಹಗ್ಗ ಹತ್ತುವವರೋ ಕೀಟನಾಶಕದ ಹೊಗೆ ಹಾಯಿಸುವವರೋ ಬೇಕು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಗಾಳಿಮಳೆಗೆ ಆಗಷ್ಟೇ ಉರುಳಿದ ಮರ ಸಿಕ್ಕರೆ ಮೇಲಾವರಣವೇ ನಿಮ್ಮ ಕಾಲಬುಡಕ್ಕೆ ಬಂದಂತೆ. ಅದನ್ನು ಬಿಡದೆ ಬಡಿಯಿರಿ.

ಒಂದು ಬಗೆಯ ಜೇಡ ಸಿಕ್ಕಿತೆಂದು ಅಲ್ಲಿಂದ ಹೊರಟುಬಿಡಬೇಡಿ. ಅದೇ ಜಾಗದಲ್ಲಿ ಅದರ ಜೋಡಿ ಹುಡುಕಿ. ಒಂದು ಗಂಡು, ಒಂದು ಹೆಣ್ಣು, ಸಾಧ್ಯವಾದರೆ ಇನ್ನೂ ಎರಡು ಮೂರು. ಆದರೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಅಗತ್ಯವಿಲ್ಲ.

ಜೀವಂತ ಇರುವಾಗಲೇ ಮಾಡಬೇಕಾದದ್ದು

ಜಿಗಿಜೇಡದ ಬಣ್ಣ ಬಹುಪಾಲು ಮೈಮೇಲಿನ ರೋಮ ಮತ್ತು ಶಲ್ಕಗಳದ್ದು. ಆಲ್ಕೋಹಾಲಿಗೆ ಬಿದ್ದ ಮೇಲೆ ಹಸಿರು, ಕೆಂಪು, ಹಳದಿ ಮಾಸುತ್ತವೆ, ಮಿರುಗು ಬದಲಾಗುತ್ತದೆ, ಬಿಳಿ ಪಟ್ಟೆ ಉಜ್ಜಿ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಫೋಟೊ. ಸೀಸೆಯನ್ನು ಕೆಲವು ನಿಮಿಷ ತಂಪಿನಲ್ಲಿಟ್ಟರೆ ಜೇಡ ಸ್ವಲ್ಪ ನಿಧಾನವಾಗುತ್ತದೆ. ಮೇಲಿನಿಂದ, ಪಕ್ಕದಿಂದ, ಮುಖಾಮುಖಿ, ಈ ಮೂರು ಕೋನ ತಪ್ಪಬಾರದು. ಮುಖದ ಚಿತ್ರ ಬರೀ ಅಂದಕ್ಕಲ್ಲ. ಕಣ್ಣುಗಳ ಕೆಳಗಿನ ರೋಮದ ಬಣ್ಣ, ಗಂಡಿನ ಪಾಲ್ಪ್‌ಗಳ (ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಅಂಗಗಳ) ಮೇಲಿನ ಬಿಳಿ ಕುಚ್ಚು ಎಷ್ಟೋ ಕುಲಗಳಲ್ಲಿ ಗುರುತಿನ ಲಕ್ಷಣ.

ಇಲ್ಲೊಂದು ಸಣ್ಣ ಶಿಸ್ತು ದೊಡ್ಡ ತಲೆನೋವು ತಪ್ಪಿಸುತ್ತದೆ. ಪ್ರತಿ ಜೇಡದ ಫೋಟೊ ಮುಗಿದೊಡನೆ ಅದರ ಸೀಸೆಯ ಸಂಖ್ಯೆಯದೂ ಒಂದು ಫೋಟೊ ತೆಗೆಯಿರಿ. ಈ ಚಿತ್ರ ಈ ಮಾದರಿಯದೇ ಎಂದು ಸಾಬೀತುಪಡಿಸಲು ಆಗದಿದ್ದರೆ ಅದನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ.

ಸಿಕ್ಕಿದ್ದು ಮರಿಯಾಗಿದ್ದರೆ ಬಹುಮಟ್ಟಿಗೆ ಗುರುತಿಸಲು ಬರುವುದಿಲ್ಲ, ಬಿಟ್ಟುಬಿಡಿ. ಆದರೆ ಪ್ರೌಢವಾಗಲು ಇನ್ನೊಂದೇ ಪೊರೆ ಬಾಕಿ ಇರುವ ಜೇಡವಾದರೆ ಸಾಕಿ ನೋಡಿ. ಇಂಥ ಗಂಡಿನ ಪಾಲ್ಪ್ ಊದಿಕೊಂಡು ನುಣ್ಣಗಿರುತ್ತದೆ, ಅದರಲ್ಲಿ ಮುಳ್ಳು ಮಡಿಕೆಗಳಿರುವುದಿಲ್ಲ. ಗಾಳಿಯಾಡುವ ನಳಿಕೆಯಲ್ಲಿ ತೇವದ ಹತ್ತಿಯ ತುಣುಕು, ಎರಡು ಮೂರು ದಿನಕ್ಕೊಮ್ಮೆ ಹಣ್ಣಿನ ನೊಣ, ಇಷ್ಟು ಸಾಕು. ಪೊರೆ ಬಿಟ್ಟ ದಿನವೇ ಆಲ್ಕೋಹಾಲಿಗೆ ಹಾಕಬೇಡಿ; ಮೈ ಗಟ್ಟಿಯಾಗಿ ಬಣ್ಣ ತುಂಬಲು ಕೆಲವು ದಿನ ಬಿಡಿ. ಸಾಕುವುದರಿಂದ ಇನ್ನೊಂದು ಲಾಭವೂ ಉಂಟು. ಗಂಡು ಕುಣಿದು ಹೆಣ್ಣನ್ನು ಒಲಿಸುವ ರೀತಿಯನ್ನು ವಿಡಿಯೊ ಮಾಡಿಕೊಂಡರೆ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಅದೇ ಒಂದು ಸಾಕ್ಷಿ.

ಸೀಸೆ ಮತ್ತು ಚೀಟಿ

ರೂಪದ ಅಧ್ಯಯನಕ್ಕೆ ಶೇ 70ರಿಂದ 80ರ ಎಥನಾಲ್ ಸರಿಯಾದದ್ದು. ಡಿಎನ್ಎಗೆ ಶೇ 95ಕ್ಕಿಂತ ಹೆಚ್ಚಿನದು ಬೇಕು, ಅದನ್ನು ತಣ್ಣಗೆ ಇಡಬೇಕು. ಆದರೆ ಅಷ್ಟು ಗಾಢವಾದದ್ದರಲ್ಲಿ ಜೇಡದ ಮೈ ಸೆಟೆದು ಕಾಲು ಮುಟ್ಟಿದರೆ ಮುರಿಯುವಂತಾಗುತ್ತದೆ. ಎರಡನ್ನೂ ನಿಭಾಯಿಸಲು ಸುಲಭದ ದಾರಿ: ಬಲಬದಿಯ ಒಂದೆರಡು ಕಾಲು ತೆಗೆದು ಗಾಢ ಎಥನಾಲಿಗೆ, ಉಳಿದ ಮೈ ಶೇ 75ಕ್ಕೆ, ಎರಡಕ್ಕೂ ಒಂದೇ ಸಂಖ್ಯೆ. ಬಲಬದಿಯೇ ಏಕೆಂದರೆ ಚಿತ್ರ ಬಿಡಿಸುವ ರೂಢಿ ಎಡಬದಿಯದು.

ಚೀಟಿ ಸೀಸೆಯ ಒಳಗಿರಬೇಕು, ಹೊರಗೆ ಅಂಟಿಸಿದ್ದು ಲೆಕ್ಕಕ್ಕಿಲ್ಲ. ಪೆನ್ಸಿಲಿನಲ್ಲಿ, ಇಲ್ಲವೇ ಕರಗದ ವರ್ಣದ್ರವ್ಯದ ಮಸಿಯಲ್ಲಿ ಬರೆಯಿರಿ. ನನ್ನ ಮೊದಲ ಪ್ರವಾಸದಲ್ಲಿ ಬಾಲ್‌ಪೆನ್ನಿನಿಂದ ಬರೆದಿದ್ದೆ. ಮನೆಗೆ ಬರುವ ಹೊತ್ತಿಗೆ ನಲವತ್ತು ಸೀಸೆಗಳಲ್ಲಿ ತಿಳಿನೀಲಿ ದ್ರವ, ಅದರಲ್ಲಿ ತೇಲುವ ಖಾಲಿ ಕಾಗದ. ಜೇಡಗಳು ಚೆನ್ನಾಗಿಯೇ ಇದ್ದವು, ಎಲ್ಲಿಯವೆಂದು ಹೇಳಲು ಮಾತ್ರ ಯಾರೂ ಇರಲಿಲ್ಲ. ಊರಿಲ್ಲದ ಮಾದರಿ ಕಸಕ್ಕೆ ಸಮ.

ಚೀಟಿಯಲ್ಲಿ ಇರಬೇಕಾದದ್ದು: ದೇಶ, ಪ್ರಾಂತ, ಹತ್ತಿರದ ಹೆಸರುಳ್ಳ ಸ್ಥಳ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ವಿಧಾನ, ಸಿಕ್ಕ ಜಾಗ. ತಿಂಗಳನ್ನು ರೋಮನ್ ಅಂಕಿಯಲ್ಲೋ ಅಕ್ಷರದಲ್ಲೋ ಬರೆಯಿರಿ. 5-6 ಎಂದರೆ ಜೂನ್ ಐದೋ ಮೇ ಆರೋ ಎಂದು ಐವತ್ತು ವರ್ಷದ ನಂತರ ನೋಡುವವರಿಗೆ ತಿಳಿಯಬೇಕಲ್ಲ. ‘ಕಾಡು’ ಎಂದಷ್ಟೇ ಬರೆಯುವ ಬದಲು ‘ಹೊಳೆಬದಿಯ ಬಿದಿರಿನ ಮೆಳೆ, ಒಣಗಿದ ಎಲೆಯ ಸುರುಳಿಯೊಳಗೆ’ ಎಂದು ಬರೆದರೆ ಮುಂದೆ ಹೋಗುವವರಿಗೆ ಅದೇ ದಾರಿದೀಪ.

ಕುಲ ಯಾವುದು

ಇಲ್ಲಿಂದ ಕೆಲಸ ಮೇಜಿನ ಮೇಲೆ. ಒಳ್ಳೆಯ ಸ್ಟೀರಿಯೊ ಮೈಕ್ರೋಸ್ಕೋಪ್, ಕೆಳಗೆ ಆಲ್ಕೋಹಾಲ್ ತುಂಬಿದ ಪುಟ್ಟ ಬಟ್ಟಲು, ಅದರ ತಳದಲ್ಲಿ ನಯವಾದ ಮರಳು. ಜೇಡವನ್ನು ಬೇಕಾದ ಕೋನದಲ್ಲಿ ನಿಲ್ಲಿಸಲು ಮರಳಿಗಿಂತ ಒಳ್ಳೆಯ ಆಸರೆ ಇಲ್ಲ.

ಮೊದಲು ಕಣ್ಣುಗಳ ಸಾಲು, ಬೆನ್ನುಗವಚದ ಆಕಾರ, ಕಾಲುಗಳ ಮುಳ್ಳು, ದವಡೆಯ ಹಲ್ಲು ನೋಡಿ. ದವಡೆಯ ಹಿಂಬದಿಯಲ್ಲಿ ಒಂಟಿ ಹಲ್ಲೋ, ಸೀಳಿದ ಹಲ್ಲೋ, ಹಲವು ಹಲ್ಲುಗಳೋ ಎಂಬುದರ ಮೇಲೆ ಫ್ರಾನ್ಸಿನ ಜೇಡತಜ್ಞ ಯೂಜೀನ್ ಸಿಮೋನ್ ಇಡೀ ಕುಟುಂಬವನ್ನು ಮೂರು ಗುಂಪು ಮಾಡಿದ್ದರು. ಡಿಎನ್ಎ ಕಾಲ ಬಂದಾಗ ಆ ಗುಂಪುಗಳು ನಿಜವಾದ ನೆಂಟಸ್ತನಕ್ಕೆ ಹೊಂದುವುದಿಲ್ಲವೆಂದು ತಿಳಿಯಿತು. ಆದರೂ ಒಂದೊಂದೇ ಲಕ್ಷಣ ನೋಡುತ್ತ ಹೆಸರಿಗೆ ತಲುಪಿಸುವ ಪಟ್ಟಿಗಳಲ್ಲಿ, ಅಂದರೆ ಗುರುತಿಸುವ ಕೀಲಿಗಳಲ್ಲಿ, ಹಲ್ಲಿಗೆ ಇಂದಿಗೂ ಬೆಲೆ ಇದೆ. ಈಗ ಬಳಕೆಯಲ್ಲಿರುವ ವಂಶಾವಳಿ ಆಧಾರಿತ ವಿಂಗಡಣೆಯನ್ನು ಜಿಗಿಜೇಡ ತಜ್ಞ ವೇಯ್ನ್ ಮ್ಯಾಡಿಸನ್ 2015ರಲ್ಲಿ ಮಂಡಿಸಿದರು, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕುಲ ಸಿಗದಿದ್ದರೆ ಗಾಬರಿ ಬೇಡ, ಹೊಸ ಕುಲವೆಂದು ಹಿಗ್ಗುವುದೂ ಬೇಡ. ಹತ್ತರಲ್ಲಿ ಒಂಬತ್ತು ಸಲ ನಾವು ತಪ್ಪು ಕೀಲಿಯಲ್ಲಿ ಹುಡುಕುತ್ತಿರುತ್ತೇವೆ. ಇನ್ನೊಂದು ಎಚ್ಚರಿಕೆ: ಪ್ಲೆಕ್ಸಿಪ್ಪಸ್ ಪೇಕುಲ್ಲಿ, ಮೆನೆಮೆರಸ್ ಬೈವಿಟ್ಟಾಟಸ್‌ನಂಥ ಜೇಡಗಳು ಮನುಷ್ಯರ ಬೆನ್ನುಹತ್ತಿ ಉಷ್ಣವಲಯದ ಉದ್ದಗಲಕ್ಕೂ ಹರಡಿವೆ. ಕಾಡಂಚಿನ ಗುಡಿಸಲ ಗೋಡೆಯ ಮೇಲೆ ಸಿಕ್ಕದ್ದನ್ನು ಮೊದಲು ಇವುಗಳ ಜೊತೆ ಹೋಲಿಸಿ.

ನಿರ್ಣಾಯಕ ಅಂಗಗಳು

ಬಣ್ಣ ಮೋಸ ಮಾಡುತ್ತದೆ, ಗಾತ್ರವೂ ಮೋಸ ಮಾಡುತ್ತದೆ. ಜಿಗಿಜೇಡದ ಪ್ರಭೇದವನ್ನು ನಿರ್ಧರಿಸುವುದು ಮುಖ್ಯವಾಗಿ ಜನನಾಂಗಗಳ ರಚನೆ. ಗಂಡಿನಲ್ಲಿ ಅದು ಮುಖದ ಪಕ್ಕದ ಎರಡು ಪಾಲ್ಪ್‌ಗಳ ತುದಿ. ಎಡ ಪಾಲ್ಪನ್ನು ಬೇರ್ಪಡಿಸಿ ಎರಡು ಕಡೆಯಿಂದ ನೋಡಿ, ಕೆಳಮೈಯಿಂದ ಮತ್ತು ಹೊರಬದಿಯಿಂದ. ಬಲ್ಬಿನಂತೆ ಉಬ್ಬಿರುವುದು ಟೆಗುಲಮ್. ಅದರಿಂದ ಹೊರಡುವ, ವೀರ್ಯ ದಾಟಿಸುವ ಮುಳ್ಳು ಎಂಬೊಲಸ್. ಪಾಲ್ಪಿನ ಟಿಬಿಯಾ ಗಿಣ್ಣಿನ ಹೊರಬದಿಯಲ್ಲಿ ಚಾಚಿಕೊಂಡಿರುವ ಕೊಂಬು ಇನ್ನೊಂದು ಮುಖ್ಯ ಗುರುತು. ಎಂಬೊಲಸ್ ಎಲ್ಲಿ ಹುಟ್ಟುತ್ತದೆ, ಎಷ್ಟು ಉದ್ದ, ಯಾವ ಕಡೆ ಬಾಗುತ್ತದೆ? ಹುಟ್ಟುವ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವುದು ರೂಢಿ: ‘7 ಗಂಟೆಯ ಜಾಗದಿಂದ ಹೊರಟು 12ರ ಕಡೆಗೆ’ ಎಂದರೆ ಇದನ್ನು ಓದುವವರಿಗೆಲ್ಲ ಅರ್ಥವಾಗುತ್ತದೆ.

ಹೆಣ್ಣಿನಲ್ಲಿ ಹೊಟ್ಟೆಯ ಕೆಳಗೆ ಗಟ್ಟಿಯಾದ ಫಲಕ, ಎಪಿಜೈನ್. ಹೊರಗಿನಿಂದ ಕಾಣುವುದು ಎರಡು ರಂಧ್ರ ಮತ್ತು ಒಂದೆರಡು ಗುಳಿ ಮಾತ್ರ, ನಿಜವಾದ ಕಥೆ ಒಳಗಿದೆ. ಸಣ್ಣ ಸೂಜಿಯ ಮೊನೆಯಿಂದ ಸುತ್ತಲೂ ಬಿಡಿಸಿ ಫಲಕವನ್ನು ಎತ್ತಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕೆಲವು ಗಂಟೆ ಇಡಿ. ಮೆತ್ತಗಿನ ಅಂಗಾಂಶ ಕರಗಿ ನಾಳಗಳು ಮತ್ತು ವೀರ್ಯಕೋಶಗಳು ತಿಳಿಯಾಗಿ ಕಾಣುತ್ತವೆ. ಈ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಕೈಗವಸು ಕನ್ನಡಕ ಕಡ್ಡಾಯ. ಹೊತ್ತು ಮೀರಿದರೆ ತೆಳು ನಾಳಗಳೂ ಕಾಣದಂತಾಗುತ್ತವೆ, ಅರ್ಧ ಗಂಟೆಗೊಮ್ಮೆ ನೋಡುತ್ತಿರಿ. ಡಿಎನ್ಎ ಬೇಕಿದ್ದರೆ ಇನ್ನೂ ಸೊಗಸಾದ ದಾರಿಯಿದೆ. ಡಿಎನ್ಎ ತೆಗೆಯಲು ಬಳಸುವ ಪ್ರೊಟೀನೇಸ್-ಕೆ ಕಿಣ್ವವೇ ಮಾಂಸವನ್ನು ಕರಗಿಸಿ ಎಪಿಜೈನನ್ನು ಸ್ವಚ್ಛ ಮಾಡಿಕೊಡುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಬಿಡಿಸಿದ ತುಣುಕುಗಳನ್ನು ಪುಟ್ಟ ನಳಿಕೆಯಲ್ಲಿ ಹಾಕಿ ಅದೇ ಜೇಡದ ಸೀಸೆಯೊಳಗೇ ಇಡಿ. ಕಳೆದುಹೋದ ಎಪಿಜೈನ್ ಅಂದರೆ ಅರ್ಧ ಜೇಡವೇ ಹೋದಂತೆ.

ಫೋಟೊ ಪದರಗಳನ್ನು ಜೋಡಿಸುವ ತಂತ್ರಾಂಶಗಳು ಬಂದಿರುವಾಗ ಕೈಯಲ್ಲಿ ಚಿತ್ರ ಏಕೆ ಬಿಡಿಸಬೇಕು ಎಂದು ಕೇಳುವವರಿದ್ದಾರೆ. ಬಿಡಿಸಿ ನೋಡಿ, ಗೊತ್ತಾಗುತ್ತದೆ. ನಾಳ ಎಲ್ಲಿ ತಿರುಗಿ ಎಲ್ಲಿ ಸೇರುತ್ತದೆಂದು ಪೆನ್ಸಿಲು ಕೇಳುತ್ತದೆ, ಕ್ಯಾಮೆರಾ ಕೇಳುವುದಿಲ್ಲ. ಎರಡೂ ಇರಲಿ, ಎರಡಕ್ಕೂ ಅಳತೆಯ ಗೆರೆ ಇರಲಿ.

ಹೊಸದು ಹೌದೇ?

ಇಡೀ ಕೆಲಸದಲ್ಲಿ ಅತಿ ಇಕ್ಕಟ್ಟಿನ ಘಟ್ಟ ಇದು. ಹೊಸದೆಂದು ಸಾಧಿಸುವುದೆಂದರೆ ಹಳೆಯ ಯಾವುದೂ ಅಲ್ಲವೆಂದು ಒಂದೊಂದಾಗಿ ತೋರಿಸುವುದು.

ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್‌ನಲ್ಲಿ ಆ ಕುಲದ ಎಲ್ಲ ಪ್ರಭೇದಗಳ ಪಟ್ಟಿ ತೆಗೆಯಿರಿ. ನಿಮ್ಮ ದೇಶದವು ಮಾತ್ರ ಸಾಲದು. ಜೇಡಕ್ಕೆ ಗಡಿ ಗೊತ್ತಿಲ್ಲ. ಪ್ರತಿಯೊಂದರ ಮೂಲ ವಿವರಣೆ, ನಂತರದ ಮರುವಿವರಣೆ, ಚಿತ್ರಗಳು, ಎಲ್ಲವನ್ನೂ ನಿಮ್ಮ ಮಾದರಿಯ ಪಕ್ಕದಲ್ಲಿಟ್ಟು ಹೋಲಿಸಿ. ಪೋಲೆಂಡಿನ ಜೇಡತಜ್ಞ ಯೆರ್ಜಿ ಪ್ರೊಶಿನ್‌ಸ್ಕಿ ದಶಕಗಳ ಕಾಲ ಕೂಡಿಸಿದ ಚಿತ್ರಗಳ ಅಂತರ್ಜಾಲ ಸಂಗ್ರಹ ಇಲ್ಲಿ ತುಂಬಾ ನೆರವಾಗುತ್ತದೆ. ಹೋಲಿಕೆಯ ಕೋಷ್ಟಕವೊಂದನ್ನು ಮಾಡಿಕೊಳ್ಳಿ: ಅಡ್ಡಸಾಲಿಗೆ ಪ್ರಭೇದ, ಉದ್ದಸಾಲಿಗೆ ಲಕ್ಷಣ. ಖಾಲಿ ಉಳಿದ ಮನೆಗಳೇ ನಿಮ್ಮ ಮುಂದಿನ ಕೆಲಸ.

ಖಾಲಿ ಮನೆ ಹೇಗೆ ಉಳಿಯುತ್ತದೆ? 19ನೇ ಶತಮಾನದ ವಿವರಣೆಗಳು ಎಷ್ಟೋ ಸಲ ಲ್ಯಾಟಿನ್‌ನಲ್ಲಿ ಹತ್ತು ಸಾಲು, ಚಿತ್ರವಿಲ್ಲ, ಇದ್ದರೂ ಬೆನ್ನಿನ ಬಣ್ಣದ್ದು ಮಾತ್ರ. ಅಂಥ ಪ್ರಭೇದಕ್ಕೆ ಟೈಪ್ ಮಾದರಿಯೇ, ಅಂದರೆ ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ಮಾದರಿಯೇ, ಸಾಕ್ಷಿ. ಸಿಮೋನ್ ಅವರ ಸಂಗ್ರಹ ಪ್ಯಾರಿಸ್ಸಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿದೆ, ಜಾರ್ಜ್ ಮತ್ತು ಎಲಿಜಬೆತ್ ಪೆಕಮ್ ದಂಪತಿಯದು ಹಾರ್ವರ್ಡ್‌ನಲ್ಲಿ. ಹೋಗಲಾಗದಿದ್ದರೆ ಅಲ್ಲಿನ ಮೇಲ್ವಿಚಾರಕರಿಗೆ ಬರೆದು ನಿರ್ದಿಷ್ಟ ಕೋನದ ಫೋಟೊ ಕೇಳಿ. ‘ಟೈಪ್‌ನ ಚಿತ್ರ ಕಳಿಸಿ’ ಎನ್ನುವ ಬದಲು ‘ಎಡ ಪಾಲ್ಪ್, ಕೆಳಮೈ ಮತ್ತು ಹೊರಬದಿ’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಗಂಡು ಹೆಣ್ಣಿನ ಜೋಡಿ ಇನ್ನೊಂದು ಗುಂಡಿ. ಜಿಗಿಜೇಡಗಳಲ್ಲಿ ಎರಡೂ ಬೇರೆ ಬೇರೆ ಪ್ರಾಣಿಗಳಂತೆ ಕಾಣುವುದುಂಟು. ಮಿರ್ಮಾರಾಕ್ನೆ ಗಂಡಿನ ದವಡೆ ಮುಂದಕ್ಕೆ ಚಾಚಿ ಮೈಯ ರೂಪವನ್ನೇ ಬದಲಿಸುತ್ತದೆ. ಇರುವೆಯೊಂದು ಬಾಯಲ್ಲಿ ಏನನ್ನೋ ಹೊತ್ತು ನಡೆಯುವಂತೆ ಕಾಣುತ್ತದೆ. ನಾನೊಂದು ಹೆಣ್ಣನ್ನು ಹೊಸದೆಂದು ನಂಬಿ ಒಂದು ವರ್ಷ ಚಿತ್ರ ಬಿಡಿಸಿದ್ದೆ. ಕೊನೆಗೆ ಅದು ನೆರೆದೇಶದಿಂದ ಗಂಡು ಮಾತ್ರ ವಿವರಿಸಲ್ಪಟ್ಟಿದ್ದ ಪ್ರಭೇದದ ಹೆಣ್ಣು ಎಂದಾಯಿತು. ಹೊಸ ಹೆಸರು ತಪ್ಪಿತು, ಆದರೆ ಅಪರಿಚಿತವಾಗಿದ್ದ ಹೆಣ್ಣಿನ ಮೊದಲ ವಿವರಣೆಯೂ ಪ್ರಕಟಣೆಗೆ ಅರ್ಹವೇ.

ಜೋಡಿ ಹೊಂದಿಸಲು ಡಿಎನ್ಎ ನೆರವಾಗುತ್ತದೆ. ಬಾರ್‌ಕೋಡ್ ಎಂದು ಕರೆಯುವ ಸಿಒಐ ಜೀನಿನ ಸುಮಾರು 658 ಅಕ್ಷರಗಳ ತುಣುಕನ್ನು ಓದಿಸಿ ಹೋಲಿಸಿದರೆ ಗಂಡು ಹೆಣ್ಣು ಒಂದೇ ಪ್ರಭೇದವೋ ಎಂಬುದಕ್ಕೆ ಬಲವಾದ ಸುಳಿವು. ಆದರೆ ಅದು ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಜೀನ್. ಹತ್ತಿರದ ಪ್ರಭೇದಗಳ ನಡುವೆ ಬೆರಕೆಯಾದಾಗ ಸುಳ್ಳು ಹೇಳಬಲ್ಲದು. ಶೇಕಡಾ ಇಷ್ಟು ವ್ಯತ್ಯಾಸವಿದ್ದರೆ ಹೊಸದು ಎಂಬ ಗೆರೆ ಎಲ್ಲೂ ಇಲ್ಲ. ಪಾಲ್ಪ್, ಎಪಿಜೈನ್, ಡಿಎನ್ಎ, ಸಿಕ್ಕ ಜಾಗ, ಇವುಗಳಲ್ಲಿ ಎರಡು ಮೂರು ಒಂದೇ ಮಾತು ಹೇಳಿದಾಗ ಮುಂದುವರಿಯಿರಿ.

ಬರೆಯುವುದು

ಪ್ರಬಂಧದ ಚೌಕಟ್ಟು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ: ಟೈಪ್ ಮಾದರಿಗಳು, ಹೆಸರಿನ ಮೂಲ, ಪ್ರತ್ಯೇಕಿಸುವ ಲಕ್ಷಣ, ಗಂಡಿನ ವಿವರಣೆ, ಹೆಣ್ಣಿನ ವಿವರಣೆ, ಹರವು, ಜೀವನಕ್ರಮ. ಇವುಗಳಲ್ಲಿ ನಿಮ್ಮ ಶ್ರಮದ ಅರ್ಧ ಹೋಗಬೇಕಾದದ್ದು ಪ್ರತ್ಯೇಕಿಸುವ ಲಕ್ಷಣಕ್ಕೆ. ವಿವರಣೆ ಎಂದರೆ ಜೇಡ ಹೇಗಿದೆ ಎಂಬುದು. ಪ್ರತ್ಯೇಕಿಸುವ ಲಕ್ಷಣ ಎಂದರೆ ಅದನ್ನು ನೆಂಟರಿಂದ ಹೇಗೆ ಬೇರ್ಪಡಿಸುವುದೆಂಬುದು. ‘ಕಂದು ಮೈ, ಬಿಳಿ ಪಟ್ಟೆಗಳಿಂದ ಸುಂದರವಾಗಿದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಎಂಬೊಲಸ್ ಟೆಗುಲಮ್‌ನ ಅರ್ಧದಷ್ಟು ಉದ್ದ, ತುದಿ ಕವಲೊಡೆದಿದೆ; ಅತಿ ಹತ್ತಿರದ ಪ್ರಭೇದದಲ್ಲಿ ಅದು ಟೆಗುಲಮ್‌ನಷ್ಟೇ ಉದ್ದ, ತುದಿ ಸರಳ’ ಎಂದು ಚಿತ್ರದ ಸಂಖ್ಯೆಯೊಂದಿಗೆ ಬರೆದರೆ ಕೆಲಸ ಮುಗಿಯಿತು.

ಅಳತೆಗಳು ಮಿಲಿಮೀಟರಿನಲ್ಲಿರಲಿ: ಬೆನ್ನುಗವಚ, ಹೊಟ್ಟೆ, ಕಣ್ಣುಗಳ ಕ್ಷೇತ್ರ, ನಾಲ್ಕೂ ಜೋಡಿ ಕಾಲುಗಳ ಒಂದೊಂದು ಗಿಣ್ಣು. ಯಾವ ಕಾಲು ಉದ್ದವೆಂಬ ಕ್ರಮವನ್ನು 4312 ಎಂಬಂತೆ ಅಂಕಿಯಲ್ಲಿ ಬರೆಯುವ ವಾಡಿಕೆಯಿದೆ. ಹಲವು ಮಾದರಿಗಳಿದ್ದರೆ ಕನಿಷ್ಠ ಗರಿಷ್ಠ ಎರಡನ್ನೂ ಕೊಡಿ, ಏಕೆಂದರೆ ತಿಂದುಂಡು ಬೆಳೆದ ಜೇಡವೂ ಹಸಿದು ಬೆಳೆದ ಜೇಡವೂ ಒಂದೇ ಗಾತ್ರವಿರುವುದಿಲ್ಲ. ಬಣ್ಣ ಹೇಳುವಾಗ ಜೀವಂತ ಬಣ್ಣವೋ ಆಲ್ಕೋಹಾಲಿನದೋ ಸ್ಪಷ್ಟಪಡಿಸಿ.

ಹೋಲೋಟೈಪ್ ಎಂದರೆ ಆ ಹೆಸರನ್ನು ಹೊರುವ ಒಂದೇ ಒಂದು ಮಾದರಿ. ಜಿಗಿಜೇಡಗಳಲ್ಲಿ ಸಾಮಾನ್ಯವಾಗಿ ಗಂಡನ್ನೇ ಆರಿಸುತ್ತಾರೆ. ಅಂಗಾಂಗ ಪೂರ್ತಿಯಿರುವ, ಚೀಟಿ ಸರಿಯಿರುವ ಮಾದರಿ ಇರಲಿ. ಜೊತೆಗಿನವು ಪ್ಯಾರಾಟೈಪ್‌ಗಳು.

ಹೆಸರಿಡುವ ನಿಯಮ

ಜೇಡಗಳ ನಾಮಕರಣದಲ್ಲೊಂದು ವಿಶೇಷವಿದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳೆಲ್ಲ ಲಿನೇಯಸ್‌ನ 1758ರ ಗ್ರಂಥದಿಂದ ಆರಂಭವೆಂದು ಲೆಕ್ಕ. ಆದರೆ ಸ್ವೀಡನ್ನಿನ ಕಾರ್ಲ್ ಕ್ಲೆರ್ಕ್ 1757ರಲ್ಲೇ ಆ ದೇಶದ ಜೇಡಗಳ ಪುಸ್ತಕ ಹೊರತಂದಿದ್ದರಿಂದ, ಅದೂ 1758ರ ಜನವರಿ 1ರಂದೇ ಪ್ರಕಟವಾಯಿತೆಂದು ಪರಿಗಣಿಸಿ, ಅದರ ಹೆಸರುಗಳಿಗೆ ಆದ್ಯತೆ ಕೊಡಲಾಗಿದೆ.

ಇಂದಿನ ಕಾನೂನು ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ನಾಲ್ಕನೇ ಆವೃತ್ತಿ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಸರು ಹೊಸದೆಂದು ಸ್ಪಷ್ಟವಾಗಿ ಹೇಳಬೇಕು, ಪ್ರತ್ಯೇಕಿಸುವ ಲಕ್ಷಣವನ್ನು ಮಾತಿನಲ್ಲಿ ಬರೆಯಬೇಕು, ಟೈಪ್ ನಿಗದಿಪಡಿಸಬೇಕು, ಅದು ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಬೇಕು. ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವ ಪತ್ರಿಕೆಯಾದರೆ 2012ರ ತಿದ್ದುಪಡಿಯಂತೆ ಕೃತಿಯನ್ನು ಪ್ರಾಣಿ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಜೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿ, ಅದರ ಪುರಾವೆ ಪ್ರಬಂಧದೊಳಗೇ ಇರಬೇಕು.

ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಮೆನೆಮೆರಸ್ ಪುಲ್ಲಿಂಗವಾದ್ದರಿಂದ ಎರಡು ಪಟ್ಟೆಯ ಜೇಡ ‘ಬೈವಿಟ್ಟಾಟಸ್’. ಫಿಂಟೆಲ್ಲಾ ಸ್ತ್ರೀಲಿಂಗ, ಅಲ್ಲಿ ಪಟ್ಟೆಯುಳ್ಳದ್ದು ‘ವಿಟ್ಟಾಟಾ’. ವ್ಯಕ್ತಿಯ ಗೌರವಕ್ಕಾದರೆ ಗಂಡಸಿಗೆ ‘ಇ’, ಹೆಂಗಸಿಗೆ ‘ಏ’ ಎಂಬ ಪ್ರತ್ಯಯ. ತನ್ನ ಹೆಸರನ್ನೇ ಇಟ್ಟುಕೊಳ್ಳುವುದಕ್ಕೆ ನಿಯಮದ ತಡೆಯಿಲ್ಲ, ಮರ್ಯಾದೆಯ ತಡೆಯಿದೆ. ಹಿಮಾಲಯದ ನೆತ್ತಿಯ ಜಿಗಿಜೇಡಕ್ಕೆ 1975ರಲ್ಲಿ ಯೂಫ್ರಿಸ್ ಓಮ್ನಿಸೂಪರ್‌ಸ್ಟೆಸ್, ‘ಎಲ್ಲಕ್ಕಿಂತ ಮೇಲೆ ನಿಂತದ್ದು’, ಎಂದು ಹೆಸರಿಟ್ಟವರ ರಸಿಕತೆ ನನಗೆ ಇಷ್ಟ. ಆ ಹೆಸರು ಕೇಳಿದವರಿಗೆ ಜೇಡದ ಊರು ಮರೆಯುವುದಿಲ್ಲ.

ಪ್ರಕಟವಾಗುವ ಮೊದಲು ಹೆಸರನ್ನು ಎಲ್ಲೂ ಬಾಯಿಬಿಡಬೇಡಿ. ಸಾಮಾಜಿಕ ಜಾಲತಾಣದಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಬಂದ ಹೆಸರಿಗೆ ಮಾನ್ಯತೆಯಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಪತ್ರಿಕೆಗೆ ಕಳಿಸಿದ ಮೇಲೆ

ಜೂಟ್ಯಾಕ್ಸಾ, ಜೂಕೀಸ್, ಜಿಗಿಜೇಡಗಳಿಗೇ ಮೀಸಲಾದ ಪೆಕಾಮಿಯಾ, ಹೀಗೆ ಹಲವು ಪತ್ರಿಕೆಗಳಿವೆ. ವಿಮರ್ಶಕರು ಬಹುಶಃ ಕೇಳುವ ಮೊದಲ ಪ್ರಶ್ನೆ, ‘ಇಂಥ ಪ್ರಭೇದದ ಜೊತೆ ಏಕೆ ಹೋಲಿಸಿಲ್ಲ?’ ನಿಮ್ಮ ಕೋಷ್ಟಕ ಆಗ ಕೈಹಿಡಿಯುತ್ತದೆ. ಅವರು ಹೇಳಿದ್ದು ಸರಿಯೆನಿಸಿ ಹೊಸ ಪ್ರಭೇದವೇ ಬಿದ್ದುಹೋದರೂ ಬೇಸರ ಬೇಡ. ಅಚ್ಚಾದ ಮೇಲೆ ಬೇರೊಬ್ಬರು ಅದನ್ನು ಹಳೆಯದರ ಪರ್ಯಾಯನಾಮವೆಂದು ತಳ್ಳಿಹಾಕುವುದಕ್ಕಿಂತ ಇದು ಹಗುರ.

ಅಂಗೀಕಾರವಾದೊಡನೆ ಹೋಲೋಟೈಪನ್ನು ಸಂಗ್ರಹಾಲಯಕ್ಕೆ ತಲುಪಿಸಿ ನೋಂದಣಿ ಸಂಖ್ಯೆ ಪಡೆದು, ಕರಡು ತಿದ್ದುವಾಗಲೇ ಸೇರಿಸಿ. ಪ್ಯಾರಾಟೈಪ್‌ಗಳು ಹೆಚ್ಚಿದ್ದರೆ ಒಂದೆರಡನ್ನು ಬೇರೆ ಊರಿನ ಸಂಗ್ರಹಾಲಯದಲ್ಲಿಡಿ, ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ. ಡಿಎನ್ಎ ಅಕ್ಷರಸಾಲನ್ನು ಸಾರ್ವಜನಿಕ ಡಿಎನ್ಎ ಭಂಡಾರವಾದ ಜೆನ್‌ಬ್ಯಾಂಕ್‌ಗೆ ಸಲ್ಲಿಸುವಾಗ ಸೀಸೆಯ ಅದೇ ಸಂಖ್ಯೆ ಕೊಡಿ. ಅಚ್ಚಾದ ಪ್ರಬಂಧದ ಪ್ರತಿಯನ್ನು ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್‌ಗೆ, ಟೈಪ್‌ಗಳ ಫೋಟೊ ತೆಗೆದುಕೊಟ್ಟ ಮೇಲ್ವಿಚಾರಕರಿಗೆ, ಅನುಮತಿ ಕೊಟ್ಟ ಕಚೇರಿಗೆ ಕಳಿಸಿ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ; ಮುಂದಿನ ವರ್ಷ ಅದೇ ಕಾಡಿಗೆ ಮತ್ತೆ ಅರ್ಜಿ ಹಾಕುವಾಗ ನೆನಪಾಗುತ್ತದೆ.